ಅಥೀನಾ ಎಂಬ ಗೂಬೆಮರಿ

ಕ್ರಿ.ಶ. 1850ರ ಬೇಸಿಗೆ. ಗ್ರೀಸ್ ದೇಶದ ಅಥೆನ್ಸ್ ನಗರದಲ್ಲಿ, ಗುಡ್ಡದ ಮೇಲಿರುವ ಪಾರ್ಥೆನಾನ್ ಎಂಬ ಪುರಾತನ ದೇಗುಲದ ಬಳಿ ಕೆಲವು ಹುಡುಗರು ಗೂಬೆಮರಿಯೊಂದನ್ನು ಹಿಡಿದು ಪೀಡಿಸುತ್ತಿದ್ದರು. ಅದು ಗೂಡಿನಿಂದ ಜಾರಿ ಬಿದ್ದ ಮರಿ. ಈಜಿಪ್ಟಿನ ಪ್ರವಾಸ ಮುಗಿಸಿ ಅಲ್ಲಿಗೆ ಬಂದಿದ್ದ ಮೂವತ್ತು ವರ್ಷದ ಆಂಗ್ಲ ಮಹಿಳೆಯೊಬ್ಬಳು ಅದನ್ನು ಅವರಿಂದ ಬಿಡಿಸಿಕೊಂಡಳು. ಮುಂದೆ 'ದೀಪಧಾರಿಣಿ' ಎಂದು ಲೋಕವಿಖ್ಯಾತಳಾದ ಫ್ಲಾರೆನ್ಸ್ ನೈಟಿಂಗೇಲ್ ಆಕೆಯೇ.

ಆ ದೇಗುಲದ ಅಧಿದೇವತೆ ಅಥೀನಾ. ಗ್ರೀಕರ ಪಾಲಿಗೆ ಆಕೆ ಜ್ಞಾನದೇವತೆ. ಗೂಬೆ ಆಕೆಯ ಪ್ರೀತಿಯ ಪಕ್ಷಿ. ಅಥೆನ್ಸಿನವರು ತಮ್ಮ ಬೆಳ್ಳಿಯ ನಾಣ್ಯಗಳ ಮೇಲೂ ಗೂಬೆಯ ಚಿತ್ರವನ್ನು ಅಚ್ಚೊತ್ತಿದ್ದರು. ಮನೆಯ ಮೇಲೆ ಗೂಬೆ ಕುಳಿತರೆ ಅಪಶಕುನವೆಂದು ನಡುಗುವ ನಮ್ಮವರಿಗೆ ಇದು ಸೋಜಿಗವೆನಿಸೀತು. ಮರಿಗೂ ಅಥೀನಾ ಎಂದೇ ಹೆಸರಾಯಿತು. ನಮ್ಮ ಊರುಗಳ ಮರದ ಪೊಟರೆಗಳಲ್ಲಿ ಕಾಣುವ ಹಾಲಕ್ಕಿ ಇದರ ಹತ್ತಿರದ ದಾಯಾದಿ; ವಿಜ್ಞಾನಿಗಳು ಇವೆರಡನ್ನೂ ಒಂದೇ ಕುಲಕ್ಕೆ ಸೇರಿಸಿ, ಆ ಕುಲಕ್ಕೆ ಅದೇ ದೇವತೆಯ ಹೆಸರನ್ನು ಇಟ್ಟಿದ್ದಾರೆ.

ಅಥೀನಾ ಇಂಗ್ಲೆಂಡಿಗೆ ಬಂದಿತು. ಅಂಗೈಯಗಲದ ಆ ಹಕ್ಕಿ ಒಡತಿಯ ಜೇಬಿನಲ್ಲೇ ಕುಳಿತು ಎಲ್ಲೆಡೆ ಸಂಚರಿಸುತ್ತಿತ್ತು. ತಲೆಬಾಗಿ ನಮಿಸಿ ಆಕೆಯ ಬೆರಳಿನಿಂದ ತುತ್ತು ಪಡೆಯುತ್ತಿತ್ತು. ಪರರ ವಿಷಯದಲ್ಲಿ ಮಾತ್ರ ಬಲು ಮುಂಗೋಪಿ. ಬಂದ ಅತಿಥಿಗಳನ್ನು ಕುಕ್ಕದೆ ಬಿಡುತ್ತಿರಲಿಲ್ಲ. ಪ್ಲೇಟೋ ಎಂಬ ಹೆಸರಿನ ಜೀರುಂಡೆಯೊಂದನ್ನೂ ಫ್ಲಾರೆನ್ಸ್ ಸಾಕಿದ್ದಳು. ಜ್ಞಾನದೇವತೆಯ ಹಕ್ಕಿ ಆ ತತ್ತ್ವಜ್ಞಾನಿಯನ್ನು ನುಂಗಿಹಾಕಿತೆಂದು ಹೇಳುತ್ತಾರೆ!

1854ರಲ್ಲಿ ಕ್ರಿಮಿಯ ಯುದ್ಧದ ಗಾಯಾಳುಗಳ ಶುಶ್ರೂಷೆಗೆ ಆಕೆಗೆ ಕರೆ ಬಂದಿತು. ಅಕ್ಟೋಬರ್ 21ರಂದು 38 ಮಂದಿ ದಾದಿಯರೊಡನೆ ಹೊರಡಬೇಕಾಗಿತ್ತು. ಸಿದ್ಧತೆಯ ಗಡಿಬಿಡಿಯಲ್ಲಿ ಗೂಬೆಯನ್ನು ಮನೆಯವರು ಅಟ್ಟದಲ್ಲಿ ಬಿಟ್ಟರು. ಅಲ್ಲಿ ಇಲಿಗಳಿಗೆ ಬರವಿಲ್ಲ, ಹಿಡಿದು ತಿಂದುಕೊಳ್ಳುತ್ತದೆ ಎಂಬುದು ಅವರ ಎಣಿಕೆ. ಗೂಬೆಯಾದ ಮೇಲೆ ಇಲಿ ಹಿಡಿಯಲಾರದೆ? ಆದರೆ ಅಥೀನಾ ಅಲ್ಲಿಯೇ ಸತ್ತಿತು. ಹೊರಡುವ ಮುನ್ನ ಆ ಪುಟ್ಟ ದೇಹವನ್ನು ಕೈಯಲ್ಲಿ ಹಿಡಿದಾಗ ಫ್ಲಾರೆನ್ಸಳ ಕಣ್ಣಲ್ಲಿ ನೀರಾಡಿತು.

ಗೂಬೆಗೆ ಕೊಕ್ಕು, ಉಗುರು, ಇರುಳಿನಲ್ಲಿ ಕಾಣುವ ಕಣ್ಣು ಇವೆಲ್ಲ ಹುಟ್ಟಿನಿಂದಲೇ ಬರುತ್ತವೆ. ಬೇಟೆಯ ಕುಶಲತೆ ಹಾಗಲ್ಲ. ಗೂಡು ಬಿಟ್ಟ ಮೇಲೂ ಮರಿಗಳು ಕೆಲವು ವಾರ ತಾಯ್ತಂದೆಯರ ಆಶ್ರಯದಲ್ಲಿದ್ದು, ಅವು ತಂದುಕೊಟ್ಟದ್ದನ್ನು ತಿನ್ನುತ್ತ, ಎರಗುವುದನ್ನು ಮಾಡಿ ಮಾಡಿ ಕಲಿಯುತ್ತವೆ. ಅಥೀನಾಳಿಗೆ ಆ ಪಾಠಶಾಲೆಯೇ ತಪ್ಪಿಹೋಗಿತ್ತು. ಅಲ್ಲದೆ ಎಳವೆಯಲ್ಲಿ ಉಣಿಸಿದವರನ್ನೇ ತನ್ನ ಬಳಗವೆಂದು ಭಾವಿಸುವ ಸ್ವಭಾವವೊಂದು ಅನೇಕ ಹಕ್ಕಿಗಳಲ್ಲಿದೆ. 1973ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಕಾನ್ರಾಡ್ ಲೊರೆಂಜ್ ಹೆಬ್ಬಾತಿನ ಮರಿಗಳಲ್ಲಿ ಇದನ್ನು ವಿವರವಾಗಿ ಅಭ್ಯಸಿಸಿದರು. ಇಂತಹ ಹಕ್ಕಿಗೆ ಕಾಡಿನ ಬಾಗಿಲು ತೆರೆದರೂ ಅದು ಮನುಷ್ಯನ ಕೈಯನ್ನೇ ಹುಡುಕುತ್ತದೆ.

ಇದಕ್ಕಾಗಿ ಫ್ಲಾರೆನ್ಸಳನ್ನು ದೂರುವುದು ನ್ಯಾಯವಲ್ಲ. ಆ ಕಾಲಕ್ಕೆ ಈ ತಿಳಿವಳಿಕೆ ಇರಲಿಲ್ಲ. ಇಂದು ಬಲ್ಲವರು, ಬಿದ್ದ ಮರಿಗೆ ಗಾಯವಾಗಿರದಿದ್ದರೆ ಅದನ್ನು ಗೂಡಿನ ಸಮೀಪದಲ್ಲೇ ಎತ್ತರದ ತಾವಿನಲ್ಲಿಟ್ಟು ದೂರ ಸರಿಯುತ್ತಾರೆ. ಕತ್ತಲಾದ ಮೇಲೆ ತಾಯಿ ಬಂದು ಉಣಿಸುವುದುಂಟು.

ಅಕ್ಕ ಪಾರ್ಥೆನೋಪ್ 1855ರಲ್ಲಿ ಅಥೀನಾಳ ಕಥೆಯನ್ನು ಬರೆದು, ತಾನೇ ಚಿತ್ರಗಳನ್ನು ಬಿಡಿಸಿ, ತಂಗಿಗಾಗಿ ಪುಟ್ಟ ಪುಸ್ತಕವೊಂದನ್ನು ಸಿದ್ಧಪಡಿಸಿದಳು. ಕೆಡದಂತೆ ಸಂಸ್ಕರಿಸಿದ ಗೂಬೆಯ ದೇಹವು ಲಂಡನ್ನಿನ ಫ್ಲಾರೆನ್ಸ್ ನೈಟಿಂಗೇಲ್ ವಸ್ತುಸಂಗ್ರಹಾಲಯದಲ್ಲಿದೆ.