ಆಟ ಯಾರಿಗಾಗಿ?

ವಿಡಿಯೊ ಆಟಗಳನ್ನು ಆಡುವವರಲ್ಲಿ ಎರಡು ಬಗೆಯವರುಂಟು. ಬಿಡುವಿನಲ್ಲಿ ಹತ್ತು ನಿಮಿಷ ಆಡಿ ಎದ್ದುಹೋಗುವವರು ಒಂದು ಬಗೆ. ತಿಂಗಳುಗಟ್ಟಲೆ ಸಾಧನೆ ಮಾಡಿ ಆಟದ ಒಳಗುಟ್ಟನ್ನು ಅರಿತವರು ಇನ್ನೊಂದು ಬಗೆ. ಆಟವು ತೀರ ಸುಲಭವಾದರೆ ನುರಿತವನಿಗೆ ಬೇಸರ. ತೀರ ಕಠಿನವಾದರೆ ಹೊಸಬನು ಮೊದಲ ದಿನವೇ ಕೈಬಿಡುತ್ತಾನೆ. ಹಾಗಾದರೆ ಆಟವನ್ನು ರಚಿಸುವವರು ಯಾರನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು? ಈ ಪ್ರಶ್ನೆಗೆ ಉತ್ತರವನ್ನು ನಮ್ಮ ಜಗಲಿಯ ಮೇಲೆಯೇ ಹುಡುಕಬಹುದು.

ಹುಲಿಯೂರುದುರ್ಗದಂಥ ಊರುಗಳಲ್ಲಿ, ಹಳೆಯ ಮೈಸೂರು ಸೀಮೆಯಲ್ಲೆಲ್ಲ, ಪರಿಚಿತವಾದ ಎರಡು ಆಟಗಳನ್ನು ತೆಗೆದುಕೊಳ್ಳೋಣ. ಮೊದಲನೆಯದು ಆಡು-ಹುಲಿ ಆಟ. ಇದರ ಒಂದು ಪ್ರಸಿದ್ಧ ರೂಪದಲ್ಲಿ 23 ಮನೆಗಳು, 3 ಹುಲಿಗಳು, 15 ಆಡುಗಳು. ಹುಲಿಯು ಆಡನ್ನು ಹಾರಿ ಕೊಲ್ಲುತ್ತದೆ. ಆಡುಗಳು ಹುಲಿಯನ್ನು ಕದಲದಂತೆ ಕಟ್ಟಿಹಾಕುತ್ತವೆ. ನಿಯಮಗಳನ್ನು ಐದು ನಿಮಿಷದಲ್ಲಿ ಕಲಿಯಬಹುದು. ಆದರೆ ಇಲ್ಲಿ ಅದೃಷ್ಟಕ್ಕೆ ಎಡೆಯಿಲ್ಲ. ಆದುದರಿಂದ ನುರಿತವನ ಮುಂದೆ ಹೊಸಬನು ಬಹುಮಟ್ಟಿಗೆ ಸೋಲುತ್ತಲೇ ಇರುತ್ತಾನೆ.

ಎರಡನೆಯದು 25 ಮನೆಗಳ ಚೌಕಾಬಾರ. ನಾಲ್ಕು ಕವಡೆಗಳನ್ನು ಎಸೆದಾಗ ಬಾಯಿ ಮೇಲಾಗಿ ಬಿದ್ದವುಗಳ ಸಂಖ್ಯೆಯೇ ಗರ. ನಾಲ್ಕೂ ಮೇಲಾದರೆ ಚೌಕ, ಅಂದರೆ 4. ನಾಲ್ಕೂ ಬೋರಲಾದರೆ ಬಾರ, ಅಂದರೆ 8. ಪ್ರತಿಯೊಂದು ಕವಡೆಯೂ ಎರಡು ಬಗೆಯಲ್ಲಿ ಸಮಾನವಾಗಿ ಬೀಳುವುದೆಂದು ಭಾವಿಸಿದರೆ, ಒಟ್ಟು 2×2×2×2=16 ವಿಧಗಳಾಗುತ್ತವೆ. ಇವುಗಳಲ್ಲಿ 1 ಬೀಳುವುದು 4 ವಿಧ. 2 ಬೀಳುವುದು 6 ವಿಧ. 3 ಬೀಳುವುದು 4 ವಿಧ. ಚೌಕ ಮತ್ತು ಬಾರ ಒಂದೊಂದೇ ವಿಧ. ಅಂದರೆ ಎಂಟು ಎಸೆತಗಳಿಗೆ ಸರಾಸರಿ ಒಮ್ಮೆ ದೊಡ್ಡ ಗರ, ಅದರೊಡನೆ ಮತ್ತೊಮ್ಮೆ ಎಸೆಯುವ ಹಕ್ಕು. ಈ ಗರವು ಅಜ್ಜಿಗೂ ಬೀಳುತ್ತದೆ, ಮೊಮ್ಮಗಳಿಗೂ ಬೀಳುತ್ತದೆ. ಆದರೆ ನಾಲ್ಕು ಕಾಯಿಗಳಲ್ಲಿ ಯಾವುದನ್ನು ನಡೆಸಬೇಕೆಂಬುದು ಬುದ್ಧಿಯ ಕೆಲಸ. ಒಂದು ಆಟದಲ್ಲಿ ಮಗುವೂ ಗೆಲ್ಲಬಹುದು. ನೂರು ಆಟಗಳಲ್ಲಿ ಅದೃಷ್ಟದ ಏರಿಳಿತಗಳು ಒಂದನ್ನೊಂದು ಸರಿದೂಗಿಸಿ, ಅನುಭವವೇ ಮೇಲಾಗುತ್ತದೆ. ಇಬ್ಬರೂ ಒಂದೇ ಮಣೆಯ ಸುತ್ತ ಕುಳಿತಿರಲು ಇದೇ ಕಾರಣ.

ವಿಡಿಯೊ ಆಟಗಳಿಗೂ ಈ ಮಾತು ಸಲ್ಲುತ್ತದೆ. 1958ರಲ್ಲಿ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ವಿಲಿಯಂ ಹಿಗಿನ್‌ಬಾಥಮ್ ಎಂಬ ಭೌತವಿಜ್ಞಾನಿಯು ಸಂದರ್ಶಕರಿಗಾಗಿ ಆಸಿಲೊಸ್ಕೋಪಿನ ಪರದೆಯ ಮೇಲೆ ಟೆನಿಸ್ ಆಟವನ್ನು ರಚಿಸಿದರು. ಒಂದು ಗುಂಡಿ, ಒಂದು ತಿರುಗಣೆ. ಆಡಲು ಇಷ್ಟೇ ಸಾಕಾಗಿತ್ತು. ಬಾಗಿಲು ಎಲ್ಲರಿಗೂ ತೆರೆದಿರಬೇಕು ಎಂಬುದಕ್ಕೆ ಇದು ಉದಾಹರಣೆ.

ಅದೃಷ್ಟಕ್ಕೆ ಎಡೆಯಿಲ್ಲದ ಆಟಗಳಲ್ಲಿ ಹೊಸಬನ ಗತಿಯೇನು? ಇಲ್ಲಿಯೂ ಭೌತವಿಜ್ಞಾನದ ಅಧ್ಯಾಪಕರೊಬ್ಬರು ದಾರಿ ತೋರಿದ್ದಾರೆ. ಆರ್ಪಾದ್ ಈಲೊ ಅವರು ಚದುರಂಗದ ಆಟಗಾರರ ಬಲವನ್ನು ಅಂಕಗಳಲ್ಲಿ ಅಳೆಯುವ ಕ್ರಮವನ್ನು ರೂಪಿಸಿದರು. 1970ರಲ್ಲಿ ಅಂತರರಾಷ್ಟ್ರೀಯ ಚದುರಂಗ ಸಂಸ್ಥೆಯು ಅದನ್ನು ಅಂಗೀಕರಿಸಿತು. ಇಂದು ಬಳಸುವ ಸೂತ್ರದಂತೆ, ಇಬ್ಬರ ಅಂಕಗಳು ಸಮವಾಗಿದ್ದರೆ ಇಬ್ಬರಿಗೂ ಸಮಪಾಲಿನ ನಿರೀಕ್ಷೆ; 400 ಅಂಕಗಳ ಅಂತರವಿದ್ದರೆ ಬಲಶಾಲಿಗೆ 11ರಲ್ಲಿ 10 ಪಾಲು. ಇಂಥ ಗಣನೆಯಿಂದಲೇ ಅನೇಕ ವಿಡಿಯೊ ಆಟಗಳು ಸಮಬಲರನ್ನು ಜೋಡಿಸುತ್ತವೆ.

ಆದುದರಿಂದ ಹೊಸಬನೋ ನುರಿತವನೋ ಎಂದು ಒಬ್ಬರನ್ನು ಆರಿಸಬೇಕಾಗಿಲ್ಲ. ನಿಯಮಗಳು ಕೆಲವೇ ಇರಲಿ. ಅವುಗಳಿಂದ ಹುಟ್ಟುವ ಸನ್ನಿವೇಶಗಳು ಹಲವಿರಲಿ. ಬಲದ ಅಂತರವನ್ನು ಅದೃಷ್ಟವೋ ಸರಿಯಾದ ಜೋಡಣೆಯೋ ತಗ್ಗಿಸಲಿ. ಇಂದಿನ ನುರಿತವನೂ ನಿನ್ನೆಯ ಹೊಸಬನೇ ಅಲ್ಲವೆ?

ವಾಚಕರಿಗೊಂದು ಪ್ರಯೋಗ: ನಾಲ್ಕು ಕವಡೆಗಳನ್ನು 160 ಸಲ ಎಸೆದು ಗರಗಳನ್ನು ಬರೆದಿಡಿ. ಮೇಲಿನ ಲೆಕ್ಕದಂತೆ 1, 2, 3, 4, 8 ಕ್ರಮವಾಗಿ ಸುಮಾರು 40, 60, 40, 10, 10 ಸಲ ಬೀಳಬೇಕು. ನಿಮ್ಮ ಎಣಿಕೆಯು ಬಹಳ ಬೇರೆಯಾದರೆ, ಕವಡೆಯ ಆಕಾರವನ್ನು ಗಮನಿಸಿ ಕಾರಣವನ್ನು ಯೋಚಿಸಿರಿ.