ಮಗಳು ಶಾಲೆಯಲ್ಲಿ ನೀರು ಕುಡಿಯುವುದಿಲ್ಲವೇಕೆ?

ಸಿಂಧನೂರು, ಮಸ್ಕಿ, ಲಿಂಗಸುಗೂರು ಭಾಗದ ಬೇಸಿಗೆ ಎಂಥದೆಂದು ಈ ಕಡೆಯ ಓದುಗರಿಗೆ ಹೇಳಬೇಕಾಗಿಲ್ಲ. ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಇಲ್ಲಿ ಸುದ್ದಿಯೇ ಅಲ್ಲ. ಇಂಥ ಬಿಸಿಲಿನಲ್ಲಿ ತಾಯಿ ಬೆಳಿಗ್ಗೆ ತುಂಬಿಸಿ ಕಳಿಸಿದ ನೀರಿನ ಬಾಟಲಿ ಸಂಜೆ ಮುಕ್ಕಾಲು ಪಾಲು ಹಾಗೆಯೇ ಮನೆಗೆ ಮರಳುತ್ತದೆ. ಮಗಳು ಬಂದವಳೇ ಚೀಲ ಒಗೆದು ಪಾಯಖಾನೆಗೆ ಓಡುತ್ತಾಳೆ. ಉರಿಮೂತ್ರ, ಕಿಬ್ಬೊಟ್ಟೆ ನೋವು, ಆಗಾಗ ಜ್ವರ ಎಂದು ದವಾಖಾನೆಗೆ ಕರೆತಂದಾಗ ತಾಯಿ ಹೇಳುವ ಮಾತು ಒಂದೇ: “ಇಕಿಗೆ ನೀರಡಿಕೀನ ಆಗಂಗಿಲ್ರಿ ಸರ್.” ಹುಡುಗಿಯನ್ನು ಸಮಾಧಾನದಿಂದ ಕೇಳಿದರೆ ಬೇರೆ ಉತ್ತರ ಬರುತ್ತದೆ: “ನೀರ್ ಕುಡಿದ್ರ ಒಂದಕ್ಕ ಬರ್ತದ. ಸಾಲ್ಯಾಗ ಎಲ್ಲಿಗೆ ಹೋಗಬೇಕ್ರಿ?”

ಹಳ್ಳಿಯ ಶಾಲೆ, ಪಟ್ಟಣದ ಶಾಲೆ ಎಂಬ ಭೇದವಿಲ್ಲದೆ ವೈದ್ಯರು ಈ ಮಾತನ್ನು ಕೇಳುತ್ತಾರೆ. ಆದ್ದರಿಂದ ಈ ವಾರ ಶಾಲೆಯ ಶೌಚಾಲಯದ ಬಗ್ಗೆ, ಅದರಲ್ಲೂ ಹುಡುಗಿಯರಿಗೆ ಪ್ರತ್ಯೇಕ ಶೌಚಾಲಯ ಏಕೆ ಬೇಕು ಎಂಬ ಬಗ್ಗೆ ತಿಳಿದುಕೊಳ್ಳೋಣ. ಇದು ಕಟ್ಟಡದ ವಿಷಯವೆಂದು ಕಾಣುತ್ತದೆ. ಆದರೆ ಮೂಲದಲ್ಲಿ ಇದು ಮೂತ್ರಪಿಂಡದ ವಿಷಯ.

ತಡೆಹಿಡಿದರೆ ಆಗುವುದೇನು?

ಮೂತ್ರಕೋಶ ಒಂದು ಹಿಗ್ಗುವ ಚೀಲ. ಎಂಟು ವರ್ಷದ ಮಗುವಿನ ಮೂತ್ರಕೋಶದಲ್ಲಿ ಸುಮಾರು 270 ಮಿಲಿಲೀಟರ್, ಅಂದರೆ ಒಂದು ದೊಡ್ಡ ಲೋಟದಷ್ಟು ಮೂತ್ರ ನಿಲ್ಲುತ್ತದೆ. ಆರೋಗ್ಯವಂತ ಮಗು ದಿನಕ್ಕೆ ಐದಾರು ಸಲ ಮೂತ್ರ ಮಾಡಬೇಕು. ಬೆಳಿಗ್ಗೆ ಒಂಬತ್ತಕ್ಕೆ ಮನೆ ಬಿಟ್ಟು ಸಂಜೆ ಐದಕ್ಕೆ ಬರುವ ಹುಡುಗಿ ಈ ಎಂಟು ಗಂಟೆಗಳಲ್ಲಿ ಒಮ್ಮೆಯೂ ಹೋಗುವುದಿಲ್ಲವೆಂದರೆ ಎರಡರಲ್ಲಿ ಒಂದು ಆಗುತ್ತಿರಬೇಕು. ಅವಳು ನೀರು ಕುಡಿಯುತ್ತಿಲ್ಲ, ಇಲ್ಲವೆ ಬಂದದ್ದನ್ನು ತಡೆಯುತ್ತಿದ್ದಾಳೆ. ಬಹಳ ಮಕ್ಕಳು ಎರಡನ್ನೂ ಮಾಡುತ್ತಾರೆ.

ಹುಡುಗಿಯರ ಮೂತ್ರದ್ವಾರದ ನಾಳ ಬಹಳ ಗಿಡ್ಡ. ಬೆಳೆದ ಗಂಡಸರಲ್ಲಿ ಅದು ಸುಮಾರು 20 ಸೆಂಟಿಮೀಟರ್ ಇದ್ದರೆ ಹೆಂಗಸರಲ್ಲಿ 4 ಸೆಂಟಿಮೀಟರ್ ಮಾತ್ರ. ಹುಡುಗಿಯರಲ್ಲಿ ಇನ್ನೂ ಕಡಿಮೆ. ಮಲದ್ವಾರದ ಬಳಿ ಸಹಜವಾಗಿಯೇ ಇರುವ ‘ಈ. ಕೋಲೈ’ ಎಂಬ ರೋಗಾಣುಗಳು ಈ ಗಿಡ್ಡ ದಾರಿಯಲ್ಲಿ ಸುಲಭವಾಗಿ ಮೇಲೇರುತ್ತವೆ. ಮೂತ್ರ ಮಾಡಿದಾಗಲೆಲ್ಲ ಅವು ಕೊಚ್ಚಿಹೋಗುತ್ತವೆ. ಇದು ದೇಹ ತಾನೇ ಮಾಡಿಕೊಂಡಿರುವ ವ್ಯವಸ್ಥೆ. ನೀರು ಕಡಿಮೆಯಾಗಿ, ಇದ್ದ ಮೂತ್ರವೂ ಗಂಟೆಗಟ್ಟಲೆ ನಿಂತರೆ ರೋಗಾಣುಗಳು ಅಲ್ಲೇ ಬೆಳೆಯುತ್ತವೆ. ಸೋಂಕು ಮೂತ್ರಪಿಂಡಕ್ಕೆ ಏರಿದರೆ ಚಳಿಜ್ವರ, ವಾಂತಿ, ಪಕ್ಕೆನೋವು ಬರುತ್ತವೆ. ಪದೇ ಪದೇ ಹೀಗಾದರೆ ಬೆಳೆಯುವ ಮೂತ್ರಪಿಂಡದಲ್ಲಿ ಮಾಯದ ಕಲೆಗಳು ಉಳಿಯುವುದುಂಟು. ಕಡಿಮೆ ನೀರು ಮೂತ್ರದ ಕಲ್ಲುಗಳಿಗೂ ದಾರಿ ಮಾಡುತ್ತದೆ.

ಮಲವನ್ನು ತಡೆದರೂ ಅಷ್ಟೇ ತೊಂದರೆ. ಮಲ ಗಟ್ಟಿಯಾಗಿ, ಮಾಡುವಾಗ ನೋವಾಗಿ, ಆ ನೋವಿಗೆ ಹೆದರಿ ಮಗು ಮತ್ತಷ್ಟು ತಡೆಯುತ್ತದೆ. ತುಂಬಿದ ಕರುಳು ಮೂತ್ರಕೋಶವನ್ನು ಒತ್ತುತ್ತದೆ. ಆಗ ಚಡ್ಡಿ ಒದ್ದೆಯಾಗುವುದು, ಹಾಸಿಗೆ ಒದ್ದೆಯಾಗುವುದು ಶುರುವಾಗಬಹುದು. ತಂದೆತಾಯಿಗಳು ಇದನ್ನು ಸೋಮಾರಿತನವೆಂದು ತಿಳಿದು ಬೈಯುತ್ತಾರೆ. ಬೈಗುಳದಿಂದ ಇದು ಹೆಚ್ಚಾಗುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ತಿದ್ದಬೇಕು. “ಶಾಲೆಯ ಸಂಡಾಸಿಗೆ ಹೋಗಬೇಡ, ಸೋಂಕು ಹತ್ತುತ್ತದೆ” ಎಂದು ಎಚ್ಚರಿಸುವ ತಾಯಂದಿರಿದ್ದಾರೆ. ಹೊಲಸು ಶೌಚಾಲಯದಿಂದ ಕೈಗೆ ಕೊಳೆ ಹತ್ತಿ ಭೇದಿ, ಜಂತುಹುಳು ಬರಬಹುದು. ಅದಕ್ಕೆ ಸಾಬೂನಿನಿಂದ ಕೈತೊಳೆಯುವುದೇ ಪರಿಹಾರ. ಆದರೆ ಮೂತ್ರದ ಸೋಂಕು ಸಾಮಾನ್ಯವಾಗಿ ಶೌಚಾಲಯದ ನೆಲದಿಂದ ಬರುವುದಲ್ಲ, ನಮ್ಮ ಮೈಮೇಲಿನ ರೋಗಾಣುಗಳಿಂದಲೇ ಬರುವುದು. ಹೋಗದೆ ತಡೆಯುವುದು ಹೆಚ್ಚು ಅಪಾಯಕರ.

ಪ್ರತ್ಯೇಕವೇ, ಎಲ್ಲರಿಗೂ ಒಂದೇ?

“ಮನೆಯಲ್ಲಿ ಎಲ್ಲರಿಗೂ ಒಂದೇ ಪಾಯಖಾನೆ ಇಲ್ಲವೆ? ಶಾಲೆಯಲ್ಲಿ ಮಾತ್ರ ಏಕೆ ಬೇರೆ ಬೇರೆ?” ಎಂದು ಕೇಳುವವರುಂಟು. ಪ್ರಶ್ನೆ ನ್ಯಾಯವಾದದ್ದೇ. ಇದಕ್ಕೆ ನಮ್ಮ ದೇಶದ ಅಂಕಿಅಂಶಗಳಲ್ಲೇ ಉತ್ತರವಿದೆ. 2003ರ ಸುಮಾರಿಗೆ ದೇಶದ ಸಾವಿರಾರು ಶಾಲೆಗಳಲ್ಲಿ ಶೌಚಾಲಯ ಕಟ್ಟುವ ಯೋಜನೆಯೊಂದು ನಡೆಯಿತು. ಅದರ ಫಲವನ್ನು ಅಂಜಲಿ ಅಡೂಕಿಯಾ ಎಂಬ ಸಂಶೋಧಕಿ ಪರಿಶೀಲಿಸಿ 2017ರಲ್ಲಿ ಪ್ರಕಟಿಸಿದರು. ಚಿಕ್ಕ ಮಕ್ಕಳಿಗೆ, ಗಂಡಾಗಲಿ ಹೆಣ್ಣಾಗಲಿ, ಯಾವ ಬಗೆಯ ಶೌಚಾಲಯ ಬಂದರೂ ಉಪಯೋಗವಾಗಿತ್ತು, ಶಾಲೆಗೆ ಸೇರುವವರ ಸಂಖ್ಯೆ ಏರಿತ್ತು. ಆದರೆ ಮೈನೆರೆಯುವ ವಯಸ್ಸಿನ ಹುಡುಗಿಯರ ಸಂಖ್ಯೆ ಏರಿದ್ದು ಮುಖ್ಯವಾಗಿ ಅವರಿಗೆಂದೇ ಪ್ರತ್ಯೇಕ ಶೌಚಾಲಯ ಕಟ್ಟಿದಲ್ಲಿ.

ಕಾರಣ ಕಷ್ಟದ್ದೇನಲ್ಲ. ಮನೆಯಲ್ಲಿ ಬಾಗಿಲಾಚೆ ಇರುವವರು ಅಪ್ಪ, ಅಣ್ಣ, ತಮ್ಮ. ಶಾಲೆಯಲ್ಲಿ ಬಾಗಿಲಾಚೆ ನೂರು ಹುಡುಗರು. ಅಗಳಿ ಮುರಿದ ಬಾಗಿಲನ್ನು ಗೆಳತಿಯೊಬ್ಬಳು ಹೊರಗಿನಿಂದ ಹಿಡಿದು ನಿಲ್ಲಬೇಕು. ಹುಡುಗರ ಕಿಸಿಕಿಸಿ ನಗೆ ಕೇಳಿಸಬೇಕು. ಇದನ್ನೆಲ್ಲ ಒಮ್ಮೆ ಅನುಭವಿಸಿದ ಹನ್ನೆರಡರ ಹುಡುಗಿ ಎರಡನೆಯ ಸಲ ಹೋಗುವುದಿಲ್ಲ. ಮುಟ್ಟಾದಾಗಂತೂ ಆಕೆಗೆ ನಾಲ್ಕರಿಂದ ಆರು ಗಂಟೆಗೊಮ್ಮೆ ಬಟ್ಟೆ ಅಥವಾ ಪ್ಯಾಡ್ ಬದಲಿಸಬೇಕು, ತೊಳೆದುಕೊಳ್ಳಲು ನೀರು ಬೇಕು, ಬಳಸಿದ್ದನ್ನು ಹಾಕಲು ಮುಚ್ಚಳವಿರುವ ಡಬ್ಬಿ ಬೇಕು. ಇವು ಇಲ್ಲದಿದ್ದರೆ ತಿಂಗಳಿಗೆ ಮೂರು ನಾಲ್ಕು ದಿನ ಶಾಲೆ ತಪ್ಪುತ್ತದೆ. ಹೀಗೆ ತಪ್ಪಿದ ಪಾಠ ಗಣಿತದಲ್ಲಿ, ವಿಜ್ಞಾನದಲ್ಲಿ ಕಾಣಿಸಿಕೊಳ್ಳುತ್ತದೆ. “ಇಕಿಗೆ ಓದು ಹತ್ತಂಗಿಲ್ಲ” ಎಂದು ಹಿರಿಯರು ತೀರ್ಮಾನಿಸುತ್ತಾರೆ. ಅಲ್ಲಿಂದ ಮದುವೆಯ ಮಾತು ದೂರವಿರುವುದಿಲ್ಲ.

ಹಾಗೆಂದು ಎಲ್ಲರೂ ಬಳಸಬಹುದಾದ ಕೋಣೆಗೆ ಶಾಲೆಯಲ್ಲಿ ಜಾಗವೇ ಇಲ್ಲವೆಂದಲ್ಲ. ಒಂದನೇ, ಎರಡನೇ ತರಗತಿಯ ಮಕ್ಕಳಿಗೆ ಸ್ವಚ್ಛವಾದ ಒಂದೇ ಶೌಚಾಲಯ ಸಾಕಾಗುತ್ತದೆ. ಇಳಿಜಾರು ದಾರಿ, ಹಿಡಿದುಕೊಳ್ಳಲು ಸರಳು, ಒಳಗಿನಿಂದ ಭದ್ರವಾಗಿ ಹಾಕಿಕೊಳ್ಳುವ ಬಾಗಿಲು ಇರುವ ಒಂಟಿ ಕೋಣೆಯೊಂದು ಪ್ರತಿ ಶಾಲೆಯಲ್ಲೂ ಇರಬೇಕು. ಅಂಗವಿಕಲ ಮಗುವಿಗೆ ಅದು ಬೇಕೇ ಬೇಕು. ಹುಡುಗರ ಸಾಲಿಗಾಗಲಿ ಹುಡುಗಿಯರ ಸಾಲಿಗಾಗಲಿ ಹೋಗಲು ಅಂಜುವ ಮಗುವಿಗೂ ಅದು ಆಸರೆ. ಆದರೆ ಇಂಥ ಕೋಣೆ ಹುಡುಗಿಯರ ಶೌಚಾಲಯದ ಜೊತೆಗೆ ಇರಬೇಕು, ಅದರ ಬದಲಿಗೆ ಅಲ್ಲ. ಹುಡುಗರಿಗೂ ಬರೀ ಗೋಡೆಯ ಮೂತ್ರಾಲಯ ಸಾಲದು. ಬಾಗಿಲಿಲ್ಲದ ಕಾರಣಕ್ಕೆ ಮಲ ತಡೆಯುವ ಹುಡುಗರೂ ಬಹಳ ಮಂದಿ ಇದ್ದಾರೆ.

ಕಾನೂನು ಇದೆ, ನೀರು ಇದೆಯೇ?

2009ರ ಶಿಕ್ಷಣ ಹಕ್ಕು ಕಾಯ್ದೆಯು ಗಂಡು ಮತ್ತು ಹೆಣ್ಣು ಮಕ್ಕಳಿಗೆ ಪ್ರತ್ಯೇಕ ಶೌಚಾಲಯ ಇರಲೇಬೇಕೆಂದು ಹೇಳಿದೆ. 2012ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟು ಆರು ತಿಂಗಳೊಳಗೆ ಎಲ್ಲ ಶಾಲೆಗಳಲ್ಲೂ ಈ ಸೌಲಭ್ಯ ಆಗಬೇಕೆಂದು ಆದೇಶಿಸಿತು. 2014ರಲ್ಲಿ ‘ಸ್ವಚ್ಛ ವಿದ್ಯಾಲಯ’ ಯೋಜನೆ ಬಂದು ಒಂದೇ ವರ್ಷದಲ್ಲಿ ದೇಶದಾದ್ಯಂತ ನಾಲ್ಕು ಲಕ್ಷಕ್ಕೂ ಹೆಚ್ಚು ಶೌಚಾಲಯಗಳನ್ನು ಕಟ್ಟಲಾಯಿತೆಂದು ಸರ್ಕಾರ ಘೋಷಿಸಿತು. ಇದು ಸಣ್ಣ ಕೆಲಸವಲ್ಲ. ಆದರೆ ಸರ್ಕಾರಿ ಉದ್ದಿಮೆಗಳು ಕಟ್ಟಿಸಿದ ಶೌಚಾಲಯಗಳನ್ನು ಲೆಕ್ಕಪರಿಶೋಧಕರು 15 ರಾಜ್ಯಗಳಲ್ಲಿ ಹೋಗಿ ನೋಡಿದಾಗ ಶೇಕಡ 72ರಷ್ಟರಲ್ಲಿ ಒಳಗೆ ನಲ್ಲಿ ನೀರು ಇರಲಿಲ್ಲ. ಗಂಡು-ಹೆಣ್ಣು ಕೂಡಿ ಓದುವ 1,967 ಶಾಲೆಗಳ ಪೈಕಿ 535ರಲ್ಲಿ ಪ್ರತ್ಯೇಕ ಶೌಚಾಲಯದ ಉದ್ದೇಶ ಈಡೇರಿರಲಿಲ್ಲ. ಈ ವರದಿ 2020ರಲ್ಲಿ ಸಂಸತ್ತಿನ ಮುಂದೆ ಬಂತು.

ನಮ್ಮ ಮೂರು ತಾಲ್ಲೂಕುಗಳಲ್ಲಿ ನೀರಿನ ಮಾತು ಇನ್ನೂ ಮುಖ್ಯ. ತುಂಗಭದ್ರಾ ಎಡದಂಡೆ ಕಾಲುವೆ ಸಿಂಧನೂರಿನ ಹೊಲಗಳಿಗೆ ಭತ್ತ ತಂದಿತು. ಬೇಸಿಗೆಯಲ್ಲಿ ಕಾಲುವೆ ನಿಂತಾಗ ಊರೇ ನೀರಿಗೆ ಪರದಾಡುವಾಗ ಶಾಲೆಯ ತೊಟ್ಟಿಗೆ ಯಾರು ನೀರು ಹಾಕುತ್ತಾರೆ? ಲೆಕ್ಕ ಹಾಕಿ ನೋಡಿ. ಒಂದು ಸಲ ಬಳಸಿ ನೀರು ಸುರಿಯಲು ಎರಡು ಮೂರು ಲೀಟರ್ ಬೇಕು. 120 ಹುಡುಗಿಯರು ದಿನಕ್ಕೊಮ್ಮೆ ಹೋದರೂ 300 ಲೀಟರ್ ಆಯಿತು. ಅಷ್ಟು ನೀರಿಲ್ಲದ ಶೌಚಾಲಯ ಮೂರೇ ದಿನದಲ್ಲಿ ನಾರುತ್ತದೆ, ನಾಲ್ಕನೆಯ ದಿನ ಬೀಗ ಬೀಳುತ್ತದೆ.

ಇನ್ನೊಂದು ಲೆಕ್ಕವನ್ನೂ ನೋಡಿ. ಇದೇ 120 ಹುಡುಗಿಯರಿಗೆ ಒಂದೇ ಕೋಣೆ ಇದೆ, ಬಿಡುವು ಹತ್ತು ನಿಮಿಷ, ಒಬ್ಬೊಬ್ಬಳಿಗೆ ಎರಡು ನಿಮಿಷ ಎಂದಿಟ್ಟುಕೊಳ್ಳಿ. ಗಂಟೆ ಬಾರಿಸುವುದರೊಳಗೆ ಹೋಗಿಬರುವವರು ಐವರು ಮಾತ್ರ. ಉಳಿದ 115 ಮಂದಿ ತಡೆದುಕೊಂಡು ಪಾಠಕ್ಕೆ ಕೂರಬೇಕು. ಸ್ವಚ್ಛ ವಿದ್ಯಾಲಯದ ಅಳತೆ 40 ಮಕ್ಕಳಿಗೆ ಒಂದು ಶೌಚ ಕೋಣೆ ಮತ್ತು ಮೂರು ಮೂತ್ರದ ಸ್ಥಳ. ವಿಶ್ವ ಆರೋಗ್ಯ ಸಂಸ್ಥೆಯ ಅಳತೆ 25 ಹುಡುಗಿಯರಿಗೆ ಒಂದು ಕೋಣೆ. ಈ ಅಳತೆಯಂತೆ ಕಟ್ಟಿದರೂ ಹತ್ತು ನಿಮಿಷದಲ್ಲಿ ಎಲ್ಲರೂ ಹೋಗಿಬರಲಾಗದು. ಆದ್ದರಿಂದ ಪಾಠದ ನಡುವೆ ಮಗು ಕೈಯೆತ್ತಿದರೆ “ಬಿಡುವಿನಾಗ ಏನ್ ಮಾಡ್ತಿದ್ದಿ?” ಎಂದು ಗದರದೆ ಕಳಿಸಿಕೊಡಬೇಕು. ಶಿಕ್ಷಕರು ಇದಕ್ಕೆ ಒಂದು ರೂಪಾಯಿಯನ್ನೂ ಖರ್ಚು ಮಾಡಬೇಕಾಗಿಲ್ಲ. ಮಕ್ಕಳು ನೀರು ಕುಡಿಯಲೆಂದು ಗಂಟೆ ಬಾರಿಸುವ ಪದ್ಧತಿ 2019ರಲ್ಲಿ ನಮ್ಮ ರಾಜ್ಯದ ಶಾಲೆಗಳಿಗೂ ಬಂತು. ಒಳ್ಳೆಯ ಪದ್ಧತಿ. ಆದರೆ ಹೋಗಲು ಜಾಗವಿಲ್ಲದ ಹುಡುಗಿ ಆ ಗಂಟೆಗೆ ಬಾಟಲಿ ಎತ್ತಿ ತುಟಿ ಒದ್ದೆ ಮಾಡಿಕೊಂಡು ಇಳಿಸುತ್ತಾಳೆ, ಅಷ್ಟೆ.

ಶೌಚಾಲಯ ತೊಳೆಯುವವರು ಯಾರು ಎಂಬುದೂ ಪ್ರಶ್ನೆಯೇ. ಮಕ್ಕಳಿಂದ ಈ ಕೆಲಸ ಮಾಡಿಸಕೂಡದು. ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ವಸತಿ ಶಾಲೆಯೊಂದರಲ್ಲಿ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ್ದು 2023ರ ಡಿಸೆಂಬರ್‌ನಲ್ಲಿ ಬಯಲಾಗಿ ನಾಡೇ ತಲೆತಗ್ಗಿಸಿತು. ಇದಕ್ಕೆ ಸಂಬಳ ಕೊಟ್ಟು ಆಳು ನೇಮಿಸಬೇಕು, ಫಿನಾಯಿಲು, ಪೊರಕೆ, ಕೈಗವಸಿಗೆ ತಿಂಗಳ ಖರ್ಚು ಇಡಬೇಕು.

ಪಾಲಕರು ಏನು ಮಾಡಬೇಕು?

ಮುಂದಿನ ಪಾಲಕರ ಸಭೆಗೆ ಹೋದಾಗ ಅಂಕಪಟ್ಟಿ ನೋಡುವ ಮೊದಲು ಶೌಚಾಲಯವನ್ನು ನೋಡಿ. ತಾಯಂದಿರು ಹುಡುಗಿಯರ ಕಡೆಗೆ, ತಂದೆಯವರು ಹುಡುಗರ ಕಡೆಗೆ ಹೋಗಲಿ. ಈ ಅಂಶಗಳನ್ನು ಗಮನಿಸಿ:

1. ಹುಡುಗಿಯರ ಶೌಚಾಲಯ ಬೇರೆಯಾಗಿದೆಯೇ? ಅಲ್ಲಿಗೆ ಹೋಗುವ ದಾರಿ ಹುಡುಗರ ಕಡೆಯಿಂದ ಹಾದುಹೋಗುತ್ತದೆಯೇ?

2. ಬಾಗಿಲಿಗೆ ಒಳಗಿನ ಅಗಳಿ ಇದೆಯೇ? ಬೆಳಕಿದೆಯೇ?

3. ಒಳಗೇ ನೀರು, ಬಕೆಟ್, ಚೆಂಬು ಇವೆಯೇ? ಹೊರಗೆ ಸಾಬೂನು ಇದೆಯೇ?

4. ಮುಚ್ಚಳವಿರುವ ಡಬ್ಬಿ ಇದೆಯೇ? ಅದನ್ನು ದಿನವೂ ಯಾರು ಖಾಲಿ ಮಾಡುತ್ತಾರೆ?

5. ಬೀಗ ಹಾಕಿದೆಯೇ? ಹಾಕಿದ್ದರೆ ಕೀಲಿಕೈ ಯಾರ ಬಳಿ? ಹೆಡ್‌ಮಾಸ್ತರರ ಮೇಜಿನೊಳಗಿನ ಕೀಲಿಕೈಯನ್ನು ಯಾವ ಹುಡುಗಿಯೂ ಹೋಗಿ ಕೇಳುವುದಿಲ್ಲ.

ಕೊರತೆ ಕಂಡರೆ ಜಗಳ ಬೇಡ. ಸರ್ಕಾರಿ ಶಾಲೆಯಾದರೆ ಎಸ್‌ಡಿಎಂಸಿ ಸಭೆಯಲ್ಲಿ ಬರೆದು ಕೊಟ್ಟು, ನಡಾವಳಿಯಲ್ಲಿ ದಾಖಲಿಸಲು ಹೇಳಿ. ಗ್ರಾಮ ಪಂಚಾಯಿತಿ ನಡೆಸುವ ಮಕ್ಕಳ ಗ್ರಾಮಸಭೆಯಲ್ಲಿ ಹುಡುಗಿಯರೇ ಕೇಳಲಿ. ಖಾಸಗಿ ಶಾಲೆಯಾದರೆ ಶುಲ್ಕ ಕಟ್ಟುವ ದಿನವೇ ಕೇಳಿ. ಶಿಕ್ಷಕಿಯರು ನಿಮ್ಮ ಪರವಾಗಿರುತ್ತಾರೆ, ಏಕೆಂದರೆ ಅವರ ಕಷ್ಟವೂ ಇದೇ.

ಮನೆಯಲ್ಲಿ ಮಾಡಬೇಕಾದದ್ದೂ ಇದೆ. ಮನೆ ಬಿಡುವ ಮೊದಲು, ಸಣ್ಣ ಬಿಡುವಿನಲ್ಲಿ, ಊಟದ ಬಿಡುವಿನಲ್ಲಿ, ಶಾಲೆ ಬಿಟ್ಟ ಕೂಡಲೇ ಮೂತ್ರ ಮಾಡುವ ರೂಢಿ ಹಾಕಿಸಿ. ಅವಸರ ಮಾಡದೆ ಪೂರ್ತಿ ಮುಗಿಸಲು ಹೇಳಿ. ತೊಳೆದುಕೊಳ್ಳುವುದು ಮುಂದಿನಿಂದ ಹಿಂದಕ್ಕೆ ಎಂದು ಕಲಿಸಿ. ದಿನಕ್ಕೆ ಒಂದೂವರೆ ಲೀಟರ್ ನೀರು, ಬೇಸಿಗೆಯಲ್ಲಿ ಇನ್ನೂ ಹೆಚ್ಚು ಬೇಕು. ಮೂತ್ರ ತಿಳಿ ಹಳದಿಯಾಗಿದ್ದರೆ ನೀರು ಸಾಕಾಗಿದೆ, ಕಡು ಹಳದಿಯಾಗಿದ್ದರೆ ಸಾಲದು. ಜೋಳದ ರೊಟ್ಟಿ, ಪುಂಡಿ ಪಲ್ಯ, ಕಾಳು, ಹಣ್ಣು ಮಲಬದ್ಧತೆಗೆ ಒಳ್ಳೆಯ ಮದ್ದು. ಮುಟ್ಟಿನ ಬಟ್ಟೆ ಬಳಸುವವರು ಸಾಬೂನಿನಲ್ಲಿ ಒಗೆದು ಬಿಸಿಲಿನಲ್ಲಿ ಒಣಗಿಸಬೇಕು. ಕತ್ತಲ ಮೂಲೆಯಲ್ಲಿ ಮುಚ್ಚಿಟ್ಟು ಒಣಗಿಸಬಾರದು.

ಉರಿಮೂತ್ರ, ಪದೇ ಪದೇ ಒಂದಕ್ಕೆ ಹೋಗುವುದು, ಕೆಟ್ಟ ವಾಸನೆ, ಮೊದಲಿಲ್ಲದ ಹಾಸಿಗೆ ಒದ್ದೆ, ಇವು ಕಂಡರೆ ಮೂತ್ರ ಪರೀಕ್ಷೆ ಮಾಡಿಸಿ. ಪರೀಕ್ಷೆಗೆ ಮೊದಲೇ ಔಷಧಿ ಅಂಗಡಿಯಿಂದ ಮಾತ್ರೆ ತಂದು ನುಂಗಿಸಬೇಡಿ. ರೋಗಾಣು ಯಾವುದೆಂದು ತಿಳಿಯುವುದು ಕಷ್ಟವಾಗುತ್ತದೆ. ವೈದ್ಯರು ಬರೆದುಕೊಟ್ಟ ಮಾತ್ರೆಗಳನ್ನು ಉರಿ ನಿಂತಿತೆಂದು ಅರ್ಧಕ್ಕೆ ಬಿಡಬೇಡಿ. ಚಳಿಜ್ವರ, ವಾಂತಿ, ಪಕ್ಕೆನೋವು ಇದ್ದರೆ ಅಂದೇ ಆಸ್ಪತ್ರೆಗೆ ಕರೆತನ್ನಿ.

ಮಾತ್ರೆಯಿಂದ ಈ ಸಲದ ಸೋಂಕು ವಾಸಿಯಾಗುತ್ತದೆ. ಆದರೆ ಮರುದಿನ ಅದೇ ಶಾಲೆ, ಅದೇ ಮುರಿದ ಅಗಳಿ ಇದ್ದರೆ ಎರಡು ತಿಂಗಳಲ್ಲಿ ಹುಡುಗಿ ಮತ್ತೆ ದವಾಖಾನೆಗೆ ಬರುತ್ತಾಳೆ. ಇಂದು ಸಂಜೆ ಮಗಳು ಶಾಲೆಯಿಂದ ಬಂದಾಗ “ಇವತ್ತು ಎಷ್ಟು ಸಲ ಒಂದಕ್ಕೆ ಹೋಗಿದ್ದೆವ್ವ?” ಎಂದು ಕೇಳಿ. “ಒಮ್ಮೆಯೂ ಇಲ್ಲ” ಎಂದರೆ ನಾಳೆ ಬೆಳಿಗ್ಗೆ ಅವಳ ಜೊತೆಗೆ ಶಾಲೆಗೆ ಹೋಗಿ ಬನ್ನಿ.