ಮುಂಬೈ ಮಾವನ ಎರಡನೇ ಖಾತೆ

ಉದಾರಿ ನೆಂಟರ ಜೊತೆ ಊರು ಸುತ್ತುವುದರಲ್ಲಿ ಹಣಕಾಸಿನ ಮಾತೇನಿದೆ ಎಂದು ಯಾರಾದರೂ ಕೇಳಬಹುದು. ಖರ್ಚು ಅವರದು, ಖುಷಿ ನಮ್ಮದು. ವಾಪಸು ಬಂದು ‘ಎಷ್ಟು ಚೆನ್ನಾಗಿ ನೋಡಿಕೊಂಡರು’ ಎಂದು ನಾಲ್ಕು ಮಂದಿಗೆ ಹೇಳಿದರೆ ಮುಗಿಯಿತು ಎನ್ನುವುದು ರೂಢಿ. ನನಗೆ ಹಾಗನ್ನಿಸುವುದಿಲ್ಲ. ಕೊಡುವವರ ಹಣ ಎಲ್ಲಿಂದ ಬರುತ್ತದೆ, ಕೊಟ್ಟ ಮೇಲೆ ಅವರ ಕೈಯಲ್ಲಿ ಎಷ್ಟು ಉಳಿಯುತ್ತದೆ, ಅವರಿಗೆ ನೋವಾಗದಂತೆ ನಾವು ಏನು ಮಾಡಬಹುದು ಎಂಬ ಲೆಕ್ಕ ಪಡೆಯುವವನ ಹತ್ತಿರವೂ ಇರಬೇಕು. ಕಳೆದ ಜನವರಿಯಲ್ಲಿ ಒಂದು ಶನಿವಾರ, ಭಾನುವಾರ ಸೋದರಮಾವನ ಜೊತೆ ಮುಂಬೈ ಸುತ್ತಿ ಬಂದ ಮೇಲೆ ಈ ನಂಬಿಕೆ ಇನ್ನಷ್ಟು ಗಟ್ಟಿಯಾಗಿದೆ.

ಮಾವನಿಗೆ ಈಗ 72. ಕಾರ್ಕಳದ ಕಡೆಯಿಂದ ಮೀಸೆ ಮೂಡುವ ಮೊದಲೇ ಬೊಂಬಾಯಿಗೆ ಹೋದವರು. ಫೋರ್ಟಿನ ಒಂದು ಉಡುಪಿ ಹೋಟೆಲಿನಲ್ಲಿ ಹಗಲು ಟೇಬಲ್ ಒರೆಸುತ್ತ, ಸಂಜೆ ಕನ್ನಡ ರಾತ್ರಿ ಶಾಲೆಯ ಬೆಂಚಿನಲ್ಲಿ ಕೂತು ಮೆಟ್ರಿಕ್ ಮುಗಿಸಿದರು. ಕರಾವಳಿಯ ಎಷ್ಟೋ ಹುಡುಗರನ್ನು ಆ ರಾತ್ರಿ ಶಾಲೆಗಳು ಗುಮಾಸ್ತರನ್ನಾಗಿ, ವಕೀಲರನ್ನಾಗಿ, ಬ್ಯಾಂಕ್ ಅಧಿಕಾರಿಗಳನ್ನಾಗಿ ಮಾಡಿವೆ. ಮಾವ ಖಾಸಗಿ ಕಂಪನಿಯೊಂದರ ಅಕೌಂಟ್ಸ್ ವಿಭಾಗದಲ್ಲಿ ದುಡಿದು ನಿವೃತ್ತರಾದರು. ಡೊಂಬಿವಲಿಯಲ್ಲಿ ಚಿಕ್ಕದೊಂದು ಸ್ವಂತ ಫ್ಲ್ಯಾಟಿದೆ. ಅಲ್ಲಿ ಅತ್ತೆ ಮತ್ತು ಅವರು, ಇಬ್ಬರೇ.

ಅವರ ಜೊತೆ ಹೊರಟರೆ ನಮ್ಮ ಕೈ ಜೇಬಿಗೆ ಹೋಗುವಂತಿಲ್ಲ. ಲೋಕಲ್ ರೈಲಿಗೆ ಫಸ್ಟ್ ಕ್ಲಾಸ್ ಟಿಕೆಟ್ಟು, ಸಿಎಸ್‌ಎಂಟಿ ಸ್ಟೇಷನ್ನಿನ ಹೊರಗೆ ಮಗಳಿಗೆ ಕಬ್ಬಿನ ಹಾಲು, ಅಲ್ಲಿಂದ ಟ್ಯಾಕ್ಸಿ, ಮ್ಯೂಸಿಯಂ ಪ್ರವೇಶ, ಎಲ್ಲ ಅವರದೇ. ಒಮ್ಮೆ ನಾನು ಮೊಬೈಲ್ ತೆಗೆದು ಕ್ಯೂಆರ್ ಕೋಡಿನ ಕಡೆ ಹಿಡಿದೆ. ‘ಒಳಗೆ ಇಡು ಮಾರಾಯ, ನಿನ್ನ ಊರಿಗೆ ಬಂದಾಗ ನೀನು ಕೊಡು’ ಎಂದರು. ದನಿಯಲ್ಲಿ ಒರಟಿರಲಿಲ್ಲ, ಸಡಿಲವೂ ಇರಲಿಲ್ಲ. ಒಬ್ಬರೇ ಹೋಗುವಾಗ ಅವರು ಸೆಕೆಂಡ್ ಕ್ಲಾಸಿನಲ್ಲಿ ನಿಂತುಕೊಂಡೇ ಹೋಗುತ್ತಾರೆ ಎಂಬುದನ್ನು ಅತ್ತೆ ನನ್ನ ಹೆಂಡತಿಗೆ ಹೇಳಿದ್ದರು.

ಇಂಥವರ ಬಗ್ಗೆ ನೆಂಟರಲ್ಲಿ ಎರಡು ಮಾತಿರುತ್ತದೆ. ‘ಬೇಕಾದಷ್ಟು ಮಾಡಿಟ್ಟಿದ್ದಾರೆ’ ಎನ್ನುವುದು ಒಂದು, ‘ಕೈಯಲ್ಲಿ ನಿಲ್ಲುವುದಿಲ್ಲ’ ಎನ್ನುವುದು ಇನ್ನೊಂದು. ಮಾವನ ವಿಷಯದಲ್ಲಿ ಎರಡೂ ಸುಳ್ಳು. ಶನಿವಾರ ರಾತ್ರಿ ಊಟವಾದ ಮೇಲೆ ಅವರೇ ತಮ್ಮ ಪಾಸ್‌ಬುಕ್ಕುಗಳನ್ನು ಮೇಜಿನ ಮೇಲೆ ಹರಡಿದರು. ನಾನು ಈ ಅಂಕಣ ಬರೆಯುವವನೆಂದು ಅವರಿಗೆ ಗೊತ್ತು; ‘ಸರಿ ಉಂಟಾ ನೋಡು’ ಎಂದರು.

ಹಿರಿಯ ನಾಗರಿಕರ ಉಳಿತಾಯ ಯೋಜನೆಯ ಮಿತಿ 2023ರ ಏಪ್ರಿಲ್‌ನಲ್ಲಿ 15 ಲಕ್ಷದಿಂದ 30 ಲಕ್ಷಕ್ಕೆ ಏರಿತಲ್ಲ, ಆಗ ಅವರು ಅಲ್ಲಿ ಇಲ್ಲಿ ಇದ್ದ ಎಫ್‌ಡಿಗಳನ್ನು ಮುಗಿಸಿ 25 ಲಕ್ಷ ಅದರಲ್ಲಿಟ್ಟರು. ಬಡ್ಡಿ ಶೇ 8.2. ವರ್ಷಕ್ಕೆ 2,05,000 ರೂಪಾಯಿ, ಅಂದರೆ ಮೂರು ತಿಂಗಳಿಗೊಮ್ಮೆ 51,250. ಈ ಯೋಜನೆಯ ಬಡ್ಡಿ ಏಪ್ರಿಲ್, ಜುಲೈ, ಅಕ್ಟೋಬರ್, ಜನವರಿ ತಿಂಗಳ ಒಂದನೇ ತಾರೀಕಿಗೆ ಖಾತೆಗೆ ಬೀಳುತ್ತದೆ. ಇಪಿಎಸ್‌ನ ಸಣ್ಣ ಪಿಂಚಣಿ ಸೊಸೈಟಿಯ ಮೇಂಟೆನೆನ್ಸಿಗೂ ಕರೆಂಟು ಬಿಲ್ಲಿಗೂ ಹೋಗುತ್ತದೆ. ಬಡ್ಡಿ ಬಂದ ದಿನವೇ ಮಾವ 9,000 ರೂಪಾಯಿಯನ್ನು ಬೇರೊಂದು ಉಳಿತಾಯ ಖಾತೆಗೆ ದಾಟಿಸುತ್ತಾರೆ. ಆ ಎರಡನೇ ಖಾತೆ ಕೊಡುವುದಕ್ಕೆಂದೇ ಇರುವುದು. ನೆಂಟರು ಬಂದರೆ, ಊರಿನ ದೇವಸ್ಥಾನದಿಂದ ರಸೀದಿ ಬಂದರೆ, ಕಟ್ಟಡದ ವಾಚ್‌ಮನ್ನನ ಮಗಳ ಶಾಲೆಯ ಫೀಸಿಗೆ ಕಡಿಮೆ ಬಿದ್ದರೆ, ದುಡ್ಡು ಅದರಿಂದಲೇ ಹೊರಡಬೇಕು. ಅದು ಬರಿದಾದರೆ ಮುಂದಿನ ಬಡ್ಡಿಯವರೆಗೆ ಏನೂ ಇಲ್ಲ. ‘ಡಿಸೆಂಬರಿನಲ್ಲಿ ಬರುತ್ತೇವೆ ಅಂದಿದ್ದಿರಿ. ನಾನು ಜನವರಿಯಲ್ಲಿ ಬನ್ನಿ ಅಂದದ್ದು ಅದಕ್ಕೇ’ ಎಂದರು, ಸಂಕೋಚವಿಲ್ಲದೆ.

ಬೇರೆ ತೆಗೆದಿಡುವ ಆ 9,000 ಬಡ್ಡಿಯ ಆರನೇ ಒಂದು ಭಾಗಕ್ಕಿಂತ ತುಸು ಹೆಚ್ಚು. ನಿವೃತ್ತರೊಬ್ಬರ ಬಜೆಟ್ಟಿನಲ್ಲಿ ಇದು ಸಣ್ಣ ಪಾಲಲ್ಲ. ಆದರೆ ಇದಕ್ಕೊಂದು ಗಡಿ ಇದೆ, ದಿನಾಂಕ ಇದೆ, ಅಸಲನ್ನು ಮುಟ್ಟುವುದಿಲ್ಲ ಎಂಬ ಪಣ ಇದೆ. ತಿಂಗಳ ಸಂಬಳ ಎಣಿಸುವ ಎಷ್ಟೋ ಮನೆಗಳಲ್ಲಿ ಈ ಶಿಸ್ತನ್ನು ನಾನು ಕಂಡಿಲ್ಲ. ದಾನ, ಉಡುಗೊರೆ, ಆತಿಥ್ಯವೆಲ್ಲ ‘ಉಳಿದರೆ ನೋಡೋಣ’ ಎಂಬ ಸಾಲಿಗೆ ಬೀಳುವುದರಿಂದಲೇ ಒಂದೋ ಅವು ನಿಂತುಹೋಗುತ್ತವೆ, ಇಲ್ಲವೇ ಕ್ರೆಡಿಟ್ ಕಾರ್ಡಿನ ಮೇಲೆ ಏರುತ್ತವೆ.

ಊರು ತೋರಿಸುವಾಗಲೂ ಮಾವನಿಗೆ ಕಟ್ಟಡಗಳ ಎತ್ತರಕ್ಕಿಂತ, ಅವಕ್ಕೆ ಹಣ ಯಾರು ಕೊಟ್ಟರು ಎಂಬುದೇ ಮುಖ್ಯ. ಓವಲ್ ಮೈದಾನದ ಅಂಚಿನಲ್ಲಿ ನಮ್ಮನ್ನು ನಿಲ್ಲಿಸಿ ರಾಜಾಬಾಯಿ ಗಡಿಯಾರ ಗೋಪುರ ತೋರಿಸಿದರು. ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿನ ಹತ್ತಿ ಇಂಗ್ಲೆಂಡಿಗೆ ಹೋಗುವುದು ನಿಂತಾಗ ಬೊಂಬಾಯಿಯ ಹತ್ತಿಗೆ ಚಿನ್ನದ ಬೆಲೆ ಬಂತು. ಊರಿಗೆ ಊರೇ ಷೇರಿನ ಹುಚ್ಚಿಗೆ ಬಿತ್ತು. ಆ ಕಾಲದ ದೊಡ್ಡ ಕುಳ ಪ್ರೇಮಚಂದ್ ರಾಯ್‌ಚಂದ್. 1864ರಲ್ಲಿ ಅವರು ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ 2 ಲಕ್ಷ, ತಾಯಿ ರಾಜಾಬಾಯಿಯ ಹೆಸರಿನಲ್ಲಿ ಗೋಪುರಕ್ಕೆ ಮತ್ತೆ 2 ಲಕ್ಷ ಕೊಟ್ಟರು. ಮರುವರ್ಷ ಯುದ್ಧ ಮುಗಿಯಿತು, ಹತ್ತಿಯ ಬೆಲೆ ಕುಸಿಯಿತು, ಷೇರುಗಳು ಕಾಗದವಾದವು, ಪ್ರೇಮಚಂದರೂ ದಿವಾಳಿಯಾದರು. ಗೋಪುರ ಮಾತ್ರ 1878ರಲ್ಲಿ ಪೂರ್ತಿಯಾಗಿ ಇಂದಿಗೂ ನಿಂತಿದೆ. ‘ಇಟ್ಟುಕೊಂಡದ್ದು ಹೋಯಿತು, ಕೊಟ್ಟದ್ದು ಉಳಿಯಿತು’ ಎಂದು ಮಾವ ನನ್ನ ಮಗಳಿಗೆ ಹೇಳಿದರು. ಅಂಕಣಕಾರನಾಗಿ ನಾನು ಅದಕ್ಕೆ ಒಂದು ಮಾತು ಸೇರಿಸಬೇಕು. ಪ್ರೇಮಚಂದರು ಕೊಟ್ಟದ್ದು ಹಣ ಕೈಯಲ್ಲಿದ್ದಾಗ, ಒಂದು ಸಂಸ್ಥೆಗೆ, ಮುಂಚಿತವಾಗಿ. ಅವರ ವ್ಯವಹಾರದ ನಷ್ಟ ಬಂದು ಅದನ್ನು ನುಂಗಲಾಗಲಿಲ್ಲ. ಮಾವನ ಎರಡನೇ ಖಾತೆಯ ಹಿಂದಿರುವುದೂ ಇದೇ ಬುದ್ಧಿ: ಕೊಡಬೇಕಾದದ್ದನ್ನು ಮೊದಲೇ ಬೇರೆ ಮಾಡಿಡುವುದು.

ಕಾಲಾ ಘೋಡಾದ ಜಹಾಂಗೀರ್ ಆರ್ಟ್ ಗ್ಯಾಲರಿಯ ಮುಂದೆ ಅವರ ದನಿಗೆ ಇನ್ನಷ್ಟು ಹುರುಪು ಬಂತು. 1952ರಲ್ಲಿ ಸರ್ ಕಾವಸ್‌ಜೀ ಜಹಾಂಗೀರ್ ಅದನ್ನು ಕಟ್ಟಿಸಿದರು. ಕಟ್ಟಿಸಿ ಎಂದು ಒತ್ತಾಯಿಸಿದವರಲ್ಲಿ ವಿಜ್ಞಾನಿ ಹೋಮಿ ಭಾಭಾ ಜೊತೆ ನಮ್ಮ ಉಡುಪಿ ಬಳಿಯ ಕಟ್ಟಿಂಗೇರಿಯ ಕಲಾವಿದ ಕೆ.ಕೆ. ಹೆಬ್ಬಾರರೂ ಇದ್ದರು. ಒಳಗೆ ಹೋಗಲು ಟಿಕೆಟ್ಟಿಲ್ಲ. ಮಗಳು ಅಲ್ಲಿ ಕಳೆದಷ್ಟು ಹೊತ್ತು ಬೇರೆಲ್ಲೂ ಕಳೆಯಲಿಲ್ಲ. ಗೇಟ್‌ವೇ ಆಫ್ ಇಂಡಿಯಾವನ್ನು ಎಲ್ಲರೂ ನೋಡುವಂತೆ ನೋಡಿದೆವು, ಫೋಟೊ ತೆಗೆಸಿಕೊಂಡೆವು.

ಮಧ್ಯಾಹ್ನ ಮಾಟುಂಗ. ಸ್ಟೇಷನ್ ಪಕ್ಕದ ಮಾರ್ಕೆಟ್ ಕಟ್ಟಡದ ಮಾಳಿಗೆಯಲ್ಲಿ 1942ರಿಂದ ನಡೆಯುತ್ತಿರುವ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಲ್ಲಿ ಬಾಳೆಲೆ ಊಟ. ಅಲ್ಲಿ ಬಿಲ್ಲಿಗಾಗಿ ಜಗಳವಾಡುತ್ತಿದ್ದ ಇನ್ನೊಂದು ಕುಟುಂಬವನ್ನು ಕಂಡೆ. ಇಬ್ಬರು ಗಂಡಸರು ಕ್ಯಾಷಿಯರಿನ ಮುಂದೆ ಒಬ್ಬರ ಕೈಯನ್ನೊಬ್ಬರು ತಳ್ಳುತ್ತಿದ್ದರು. ನಾನು ಆ ಜಗಳಕ್ಕೆ ಇಳಿಯುವುದಿಲ್ಲ. ಹಿರಿಯರು ಬಜೆಟ್ ಹಾಕಿ ತೆಗೆದಿಟ್ಟ ಹಣವನ್ನು ನಾವು ಎಲ್ಲರೆದುರು ತಿರಸ್ಕರಿಸಿದರೆ, ಅವರ ಲೆಕ್ಕಕ್ಕೂ ಬೆಲೆಯಿಲ್ಲ, ಅವರ ಆಸೆಗೂ ಬೆಲೆಯಿಲ್ಲ ಎಂದಾಗುತ್ತದೆ. ಊಟದ ನಂತರ ಬಾಂದ್ರಾ ಕಡೆ ಟ್ಯಾಕ್ಸಿಯಲ್ಲಿ ಹೋಗುವಾಗ ಮಾಹಿಮ್ ಕಾಸ್‌ವೇ ಬಂತು. 1845ರಲ್ಲಿ ತೆರೆದ ಈ ರಸ್ತೆಗೆ ಲೇಡಿ ಜಮ್‌ಸೆಟ್‌ಜೀ ಜೀಜೀಭಾಯ್ 1,57,000 ರೂಪಾಯಿ ಕೊಟ್ಟರು, ದಾಟುವವರಿಂದ ಸುಂಕ ಪಡೆಯಬಾರದು ಎಂಬ ಷರತ್ತು ಹಾಕಿ. ಕೊಡುವವರು ಷರತ್ತು ಹಾಕುವುದರಲ್ಲಿ ತಪ್ಪಿಲ್ಲ ಎಂದು ನನಗೆ ಅಲ್ಲಿ ಹೊಳೆಯಿತು. ‘ನನ್ನ ಊರಿನಲ್ಲಿ ನಾನೇ ಕೊಡುವುದು’ ಎಂಬುದು ಮಾವನ ಷರತ್ತು. ಅದನ್ನು ಮುರಿಯದೆ ನನ್ನ ಪಾಲು ಸಲ್ಲಿಸುವ ದಾರಿ ಹುಡುಕಬೇಕು.

ಸುಲಭವೆಂದು ತೋರುವ ದಾರಿ, ಊರಿಗೆ ಬಂದ ಮೇಲೆ ಅವರ ಖಾತೆಗೆ ಒಂದಿಷ್ಟು ಹಣ ಹಾಕಿಬಿಡುವುದು. ಇಲ್ಲಿ ತೆರಿಗೆ ಕಾನೂನಿನ ಒಂದು ವಿಚಿತ್ರ ತಿರುವಿದೆ, ಹೆಚ್ಚಿನವರಿಗೆ ಗೊತ್ತಿಲ್ಲ. ಉಡುಗೊರೆಗೆ ತೆರಿಗೆ ಇಲ್ಲದ ‘ಸಂಬಂಧಿ’ ಯಾರು ಎಂಬುದನ್ನು ಪಡೆಯುವವನ ಕಡೆಯಿಂದ ನೋಡಬೇಕು. ನನ್ನ ತಾಯಿಯ ತಮ್ಮ ನನಗೆ ಸಂಬಂಧಿ. ಅವರ ಹೆಂಡತಿಯೂ ಸಂಬಂಧಿ. ಅವರು ನನಗೆ ಎಷ್ಟು ಲಕ್ಷ ಕೊಟ್ಟರೂ ಅದು ನನ್ನ ಆದಾಯವಲ್ಲ. ಆದರೆ ಅದೇ ಪಟ್ಟಿಯಲ್ಲಿ ಅಕ್ಕನ ಮಗನಿಗೆ ಜಾಗವಿಲ್ಲ. ನಾನು ಮಾವನಿಗೆ ಹಣ ಕೊಟ್ಟರೆ, ಸಂಬಂಧಿಗಳಲ್ಲದವರಿಂದ ಆ ಹಣಕಾಸು ವರ್ಷದಲ್ಲಿ ಅವರಿಗೆ ಬಂದ ಹಣವೆಲ್ಲ ಸೇರಿ 50,000 ದಾಟಿದರೆ, ಮೇಲಿನ ಭಾಗ ಮಾತ್ರವಲ್ಲ, ಪೂರ್ತಿ ಮೊತ್ತ ಅವರ ಆದಾಯಕ್ಕೆ ಸೇರುತ್ತದೆ. ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ರಿಬೇಟ್ ಇರುವುದರಿಂದ ಮಾವನಂಥವರು ತೆರಿಗೆ ಕಟ್ಟಬೇಕಾಗಿ ಬರಲಾರದು. ದೊಡ್ಡ ಆದಾಯದ ಹಿರಿಯರಿಗೆ ಮಾತ್ರ ಇದು ನಿಜವಾದ ತೊಡಕು. ಫ್ರಿಜ್ಜು, ವಾಷಿಂಗ್ ಮಷಿನ್, ರೈಲು ಟಿಕೆಟ್ಟಿನಂಥವು ಈ ಲೆಕ್ಕಕ್ಕೆ ಬರುವುದಿಲ್ಲ. ನಗದು, ಆಸ್ತಿ, ಷೇರು, ಒಡವೆ, ಕಲಾಕೃತಿಗಳಂಥವು ಬರುತ್ತವೆ. ಹಿರಿಯ ಬಂಧುಗಳಿಗೆ ಉಪಕಾರ ಮಾಡುವವರು ವಸ್ತುವಿನ, ಸೇವೆಯ ರೂಪದಲ್ಲಿ ಮಾಡುವುದು ಕಾನೂನಿಗೂ ಹಿತ, ಅವರ ಮರ್ಯಾದೆಗೂ ಹಿತ.

ಹೊರಡುವ ಮೊದಲು ಮಾವ ಮಗಳ ಕೈಗೆ 2,000 ರೂಪಾಯಿಯ ಕವರು ಕೊಟ್ಟರು. ಮಕ್ಕಳಿಗೆ ಬಂದ ಇಂಥ ಹಣ ನಮ್ಮ ಮನೆಗಳಲ್ಲಿ ಅಮ್ಮನ ಡಬ್ಬಿಗೆ ಹೋಗಿ ತರಕಾರಿಯಾಗಿ ಕರಗುತ್ತದೆ. ನಾವು ಅದನ್ನು ಅವಳ ಸುಕನ್ಯಾ ಸಮೃದ್ಧಿ ಖಾತೆಗೆ ಕಟ್ಟಿ, ಪಾಸ್‌ಬುಕ್ಕಿನ ಆ ಸಾಲಿನ ಫೋಟೊವನ್ನು ಮಾವನಿಗೆ ಕಳಿಸಿದೆವು. ಅದರ ಬಡ್ಡಿಯೂ ಈಗ ಶೇ 8.2, ಅವರ ಯೋಜನೆಯಷ್ಟೇ. ಅಕೌಂಟ್ಸಿನಲ್ಲಿ ಬಾಳು ಸವೆಸಿದವರಿಗೆ ಆ ಒಂದು ಸಾಲು ಎಷ್ಟು ಸಂತೋಷ ಕೊಟ್ಟಿತೆಂದು ಅತ್ತೆ ಫೋನಿನಲ್ಲಿ ಹೇಳಿದರು.

ಇನ್ನು ಮಾವನ ಲೆಕ್ಕದಲ್ಲಿ ನನಗೆ ಕಂಡ ಬಿರುಕು. ಅತಿಥಿಗಳಿಂದ ಅವರಿಗೆ ಅಪಾಯವಿಲ್ಲ. ಇರುವುದು ಬೆಲೆ ಏರಿಕೆಯಿಂದ ಮತ್ತು ಆಸ್ಪತ್ರೆಯಿಂದ. ಬಡ್ಡಿ ಇಷ್ಟೇ ಇದ್ದು, ಬೆಲೆಗಳು ವರ್ಷಕ್ಕೆ ಶೇ 5ರಂತೆ ಏರಿದರೆ ಇವತ್ತಿನ 51,250 ರೂಪಾಯಿಯ ಕೊಳ್ಳುವ ಶಕ್ತಿ ಹತ್ತು ವರ್ಷದಲ್ಲಿ ಸುಮಾರು 31,500ಕ್ಕೆ ಇಳಿಯುತ್ತದೆ. ನಡುವೆ ಒಂದು ಶಸ್ತ್ರಚಿಕಿತ್ಸೆ ಬಂದರೆ ಅಸಲಿಗೇ ಕೈ ಹಾಕಬೇಕು. ಅವರ ಬಳಿ ಯಾವ ಆರೋಗ್ಯ ವಿಮೆಯೂ ಇರಲಿಲ್ಲ.

ಭಾನುವಾರ ಎಲಿಫೆಂಟಾಕ್ಕೆ ಹೋಗುವ ಬೋಟಿನಲ್ಲಿ ಒಂದು ಗಂಟೆ ಬಿಡುವು ಸಿಕ್ಕಿತು. ಹೆಂಗಸರು, ಮಗಳು ಮೇಲಿನ ಅಟ್ಟದಲ್ಲಿ ಸೀಗಲ್ ಹಕ್ಕಿಗಳನ್ನು ನೋಡುತ್ತಿದ್ದರು. ನಾನು ಮಾವನ ಪಕ್ಕ ಕೂತು ಮಾತು ತೆಗೆದೆ. 70 ದಾಟಿದ ಎಲ್ಲರಿಗೂ, ಆದಾಯ ಎಷ್ಟೇ ಇರಲಿ, ಆಯುಷ್ಮಾನ್ ಭಾರತ್ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗಿನ ಆಸ್ಪತ್ರೆ ಚಿಕಿತ್ಸೆ 2024ರ ಅಕ್ಟೋಬರ್‌ನಿಂದ ಲಭ್ಯ. ‘ಅದು ಬಡವರಿಗೆ ಅಲ್ಲವಾ?’ ಎಂದರು ಮಾವ. ಎಷ್ಟೋ ಹಿರಿಯರು ಹೀಗೇ ತಿಳಿದು ಕಾರ್ಡು ಮಾಡಿಸದೆ ಕೂತಿದ್ದಾರೆ. ಆಧಾರ್ ಒಂದಿದ್ದರೆ ಸಾಕು. ನೋಂದಾಯಿತ ಆಸ್ಪತ್ರೆಗಳಲ್ಲಿ, ಒಳರೋಗಿಯಾಗಿ ದಾಖಲಾದಾಗ ಮಾತ್ರ ಉಪಯೋಗ ಎಂಬುದನ್ನೂ ಹೇಳಿದೆ. ಗುಹೆಯ ಮಹೇಶಮೂರ್ತಿಯ ಮುಂದೆ ಎಲ್ಲರೂ ಬಹಳ ಹೊತ್ತು ನಿಂತೆವು. ಸಂಜೆ ಮನೆಗೆ ಬಂದು ಮೊಬೈಲ್ ಆ್ಯಪಿನಲ್ಲಿ ಮಾವನ ಇ-ಕೆವೈಸಿ ಮುಗಿಸಿದೆ. ಅತ್ತೆಗೆ 67, ಅವರು ಇನ್ನೂ ಮೂರು ವರ್ಷ ಕಾಯಬೇಕು. ಅಲ್ಲಿಯವರೆಗೆ ಅವರ ಹೆಸರಿಗೊಂದು ಖಾಸಗಿ ಪಾಲಿಸಿ ಬೇಕು ಎಂಬುದಕ್ಕೆ ಮಾವ ಒಪ್ಪಿದ್ದಾರೆ. 65 ದಾಟಿದವರಿಗೂ ಹೊಸ ಪಾಲಿಸಿ ಸಿಗುವಂತಿರಬೇಕು ಎಂಬ ನಿಯಮ 2024ರಲ್ಲಿ ಬಂದಿದೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಕಂತಿಗೆ ಜಿಎಸ್‌ಟಿಯೂ ಇಲ್ಲ. ಮೊದಲಿಂದ ಇರುವ ಸಕ್ಕರೆ ಕಾಯಿಲೆಯನ್ನು ಅರ್ಜಿಯಲ್ಲಿ ಮುಚ್ಚಿಡಬಾರದು ಎಂದು ಅತ್ತೆಗೆ ಒತ್ತಿ ಹೇಳಿ ಬಂದಿದ್ದೇನೆ.

ಮೇ ತಿಂಗಳಲ್ಲಿ ಇಬ್ಬರೂ ಉಡುಪಿಗೆ ಬರುತ್ತಾರೆ. ರೈಲಿನಲ್ಲಿ ಹಿರಿಯರಿಗಿದ್ದ ರಿಯಾಯಿತಿ 2020ರ ಮಾರ್ಚ್‌ನಲ್ಲಿ ನಿಂತದ್ದು ಮರಳಿ ಬಂದಿಲ್ಲ, ಪೂರ್ತಿ ದರ ಕೊಡಬೇಕು. 60 ದಿನ ಮೊದಲು ಬುಕಿಂಗ್ ತೆರೆದ ಬೆಳಿಗ್ಗೆಯೇ ನನ್ನ ಖಾತೆಯಿಂದ ಮತ್ಸ್ಯಗಂಧಕ್ಕೆ ಇಬ್ಬರ ಟಿಕೆಟ್ ತೆಗೆದು, ಪಿಡಿಎಫ್ ಕಳಿಸಿದೆ. ಪ್ರಯಾಣ ನನ್ನ ಊರಿನ ಕಡೆಗಾದ್ದರಿಂದ ಅವರ ಷರತ್ತಿಗೂ ಭಂಗವಿಲ್ಲ. ಸಂಜೆ ಮಾವ ಫೋನ್ ಮಾಡಿದರು. ದುಡ್ಡಿನ ಮಾತೆತ್ತಲಿಲ್ಲ. ‘ಅತ್ತೆಗೆ ಲೋವರ್ ಬರ್ತ್ ಸಿಕ್ಕಿತಾ?’ ಎಂದು ಕೇಳಿದರು. ಇಬ್ಬರಿಗೂ ಸಿಕ್ಕಿದೆ ಎಂದೆ.